ಕ್ಯಾಮೆರಾ ಭಾರ ಐತಿ, ಬ್ಯಾಗ್ ಹಗುರ ಮಾಡ್ರಿ

ಶಹಾಪುರದಿಂದ ಖಾನಾಪುರದ ಕಾಡಿನ ಕಡೆ ದೊಡ್ಡ ಕ್ಯಾಮೆರಾ ಹೊತ್ತು ಹೊರಡೋರಿಗೆ ಈ ಎಪಿಸೋಡ್.

ಮೊದಲು ತೂಕದ ಲೆಕ್ಕ. ನಿಕಾನ್ ಡಿ850 ಬ್ಯಾಟರಿ ಸಮೇತ ಸುಮಾರು 1 ಕಿಲೋ. ಹಕ್ಕಿ ಫೋಟೋಕ್ಕೆ ಬಳಸೋ ನಿಕಾನ್ 200-500 ಲೆನ್ಸ್ ಸುಮಾರು 2.3 ಕಿಲೋ. ಎರಡೂ ಸೇರಿ 3.3 ಕಿಲೋ. ಇದರಾಗ ಒಂದು ಗ್ರಾಮೂ ಕಡಿಮೆ ಆಗಂಗಿಲ್ಲ. ಉಳಿಸೋದೇನಿದ್ರೂ ಉಳಿದ ಸಾಮಾನಿನಾಗ.

ರೊಕ್ಕ ಮೊದಲು ಬ್ಯಾಗಿಗೆ ಹಾಕ್ರಿ. ಕ್ಯಾಮೆರಾ ಕೊರಳಿಗೆ ನೇತುಹಾಕಿದ್ರ ಕುತ್ತಿಗೆ ಹಿಡೀತದ. ಸೊಂಟದ ಬೆಲ್ಟ್ ಇರೋ ಬ್ಯಾಗಿನಾಗ ಭಾರ ಸೊಂಟಕ್ಕ ಇಳೀತದ, ಜಾರೋ ದಾರ್ಯಾಗ ಎರಡೂ ಕೈ ಖಾಲಿ ಇರ್ತಾವ.

ಟ್ರೈಪಾಡ್ ಕಾರ್ಬನ್ ಫೈಬರ್‌ದು ಹಗುರ, ಆದರೆ ದುಬಾರಿ. ತಗೊಳ್ಳೋವಾಗ ಅದು ಎಷ್ಟು ಭಾರ ತಡೀತದ ಅಂತ ನೋಡ್ರಿ. ತೀರಾ ಹಗುರ ಇದ್ರ ಗಾಳಿಗೆ ಕ್ಯಾಮೆರಾ ಸಮೇತ ಉರುಳ್ತದ. ನಡುವಿನ ಕೊಕ್ಕೆಗೆ ಬ್ಯಾಗ್ ನೇತುಹಾಕಿದ್ರ ಗಟ್ಟಿ ನಿಲ್ಲತದ.

ಹಗಲಿನ ಹಕ್ಕಿ ಫೋಟೋಕ್ಕೆ ಟ್ರೈಪಾಡೇ ಬೇಕಂತಿಲ್ಲ. ಹಳೆ ಜೀನ್ಸ್ ಬಟ್ಟೆಯ ಚೀಲ ಟೇಲರ್ ಹತ್ರ ಹೊಲಿಸಿ, ಹೆಂಗೂ ಒಯ್ಯೋ ಸ್ವೆಟರ್ ಅದರಾಗ ತುರುಕಿ, ಬಂಡೆ ಮ್ಯಾಲೆ ಇಟ್ಟು ಲೆನ್ಸ್ ಊರ್ರಿ.

ಒಂದು ದಿನದ ತಿರುಗಾಟಕ್ಕ ಚಾರ್ಜರ್ ಬ್ಯಾಡ. ಇನ್ನೊಂದು ಬ್ಯಾಟರಿ 100 ಗ್ರಾಮೂ ತೂಗಂಗಿಲ್ಲ. ಮಳೆಗಾಲದಾಗ ಕಣಕುಂಬಿ, ಜಾಂಬೋಟಿ ಕಡೆ ಹೋದ್ರ ರೇನ್ ಕವರ್ ಮಾತ್ರ ಬಿಡಬ್ಯಾಡ್ರಿ.

ಭೀಮಗಡ 2011ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆ ಅನುಮತಿ ಇಲ್ಲದ ಒಳಗ ಹೋಗಬ್ಯಾಡ್ರಿ. ಅದಕ್ಕೂ ಮೊದಲು, ತುಂಬಿದ ಬ್ಯಾಗ್ ಹಾಕ್ಕೊಂಡು ಯಳ್ಳೂರಿನ ರಾಜಹಂಸಗಡ ಒಮ್ಮೆ ಹತ್ರಿ. ಯಾವ ಸಾಮಾನು ಮನ್ಯಾಗ ಇರಬೇಕು ಅಂತ ಹೆಗಲೇ ಹೇಳತದ.