ಹಲ್ಲು, ಮೂಳೆ ಮತ್ತು ಬಯಲು ಭಾಗದ ನೀರು

ಮಾನವ ದೇಹದ ಅಂಗಗಳ ರಚನೆಯನ್ನು ವಿವರಿಸುವುದು ಅಂಗರಚನಾಶಾಸ್ತ್ರ. ಅವು ಕಾರ್ಯನಿರ್ವಹಿಸುವ ಬಗೆಯನ್ನು ತಿಳಿಸುವುದು ಶರೀರಕ್ರಿಯಾಶಾಸ್ತ್ರ. ಇವೆರಡೂ ಪರಸ್ಪರ ಪೂರಕವೆಂಬುದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗದಲ್ಲಿ ಕಂಡುಬರುವ ಫ್ಲೋರೋಸಿಸ್ ಒಂದು ನಿದರ್ಶನ.

ಕಡೂರು, ಹಿಂದೆ ತರೀಕೆರೆಗೆ ಸೇರಿದ್ದ ಅಜ್ಜಂಪುರ ಹಾಗೂ ತರೀಕೆರೆಯ ಪೂರ್ವಭಾಗಗಳು ಮಲೆನಾಡಿನ ಬೆಟ್ಟಸಾಲುಗಳ ಮಳೆನೆರಳಿನಲ್ಲಿವೆ. ಕೆರೆ ಮತ್ತು ತೆರೆದ ಬಾವಿಗಳು ಬತ್ತಿದಂತೆ ಇಲ್ಲಿನ ಗ್ರಾಮಗಳು ಆಳವಾದ ಕೊಳವೆಬಾವಿಗಳನ್ನು ಅವಲಂಬಿಸಿದವು. ಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಖನಿಜಗಳಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದಾಗ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಈ ಭಾಗದ ಹಲವು ಕೊಳವೆಬಾವಿಗಳಲ್ಲಿ ಮಿತಿ ಮೀರಿದ ಪ್ರಮಾಣ ಕಂಡುಬಂದಿದೆ.

ಕುಡಿದ ನೀರಿನ ಫ್ಲೋರೈಡ್ ಜಠರ ಮತ್ತು ಕರುಳಿನ ಮೂಲಕ ರಕ್ತವನ್ನು ಸೇರುತ್ತದೆ. ವಯಸ್ಕರಲ್ಲಿ ಅದರ ಸುಮಾರು ಅರ್ಧಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಬೆಳೆಯುವ ಮಕ್ಕಳ ದೇಹದಲ್ಲಿ ಹೆಚ್ಚು ಪಾಲು ಉಳಿಯುತ್ತದೆ. ಹೀಗೆ ಉಳಿದುದು ಬಹುತೇಕ ಮೂಳೆ ಮತ್ತು ಹಲ್ಲುಗಳಲ್ಲಿ ಶೇಖರವಾಗುತ್ತದೆ. ಇವೆರಡರ ಗಡಸುತನಕ್ಕೂ ಕಾರಣವಾದ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳಲ್ಲಿ ಹೈಡ್ರಾಕ್ಸಿಲ್ ಅಯಾನಿನ ಸ್ಥಾನವನ್ನು ಫ್ಲೋರೈಡ್ ಆಕ್ರಮಿಸುತ್ತದೆ.

ಖನಿಜ ಒಂದೇ ಆದರೂ ಪರಿಣಾಮ ಬೇರೆ. ಹಲ್ಲಿನ ಹೊರಕವಚವಾದ ಎನಾಮಲನ್ನು ನಿರ್ಮಿಸುವ ಕೋಶಗಳು ಹಲ್ಲು ಹೊರಬರುವಷ್ಟರಲ್ಲಿ ನಶಿಸುತ್ತವೆ. ಆದ್ದರಿಂದ ಎನಾಮಲ್ ಮತ್ತೆ ಬೆಳೆಯದು. ಅದು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಫ್ಲೋರೈಡ್ ಹೆಚ್ಚಾದರೆ ಎನಾಮಲ್ ಸರಂಧ್ರವಾಗಿ ಬಿಳಿ ಮಚ್ಚೆಗಳು ಮೂಡುತ್ತವೆ. ತೀವ್ರವಾದಲ್ಲಿ ಅವು ಕಂದು ಬಣ್ಣಕ್ಕೆ ತಿರುಗುತ್ತವೆ. ಇದು ಹಲ್ಲುಜ್ಜದ ಕಾರಣದಿಂದಾದ ಕೊಳೆಯಲ್ಲ. ಉಜ್ಜಿದರೆ ಹೋಗುವುದೂ ಇಲ್ಲ.

ಮೂಳೆಯಾದರೋ ಜೀವಂತ ಅಂಗಾಂಶ. ಕೆಲವು ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ ಇನ್ನು ಕೆಲವು ಹೊಸದನ್ನು ಕಟ್ಟುತ್ತಿರುತ್ತವೆ. ಆದ್ದರಿಂದ ಫ್ಲೋರೈಡ್ ಜೀವನಪರ್ಯಂತ ಸೇರುತ್ತ ಹೋಗಬಲ್ಲದು. ಮೂಳೆ ಸಾಂದ್ರವಾದರೂ ಬಲಗುಂದುತ್ತದೆ; ಅಸ್ಥಿಬಂಧಗಳು ಗಡುಸಾಗಿ ಕೀಲು, ಬೆನ್ನುಮೂಳೆಗಳ ಚಲನೆ ಕುಂಠಿತವಾಗುತ್ತದೆ. ಭಾರತದಲ್ಲಿ ಈ ರೋಗದ ಮೊದಲ ವರದಿ 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಬಂದಿತು.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ಸಕ್ರಿಯ ಅಲ್ಯೂಮಿನಾ, ರಿವರ್ಸ್ ಆಸ್ಮಾಸಿಸ್ ಘಟಕಗಳು, ಮಳೆನೀರು ಸಂಗ್ರಹ ಇವು ಪರಿಹಾರಮಾರ್ಗಗಳು. ಶುದ್ಧ ನೀರು ದೊರೆತ ಮೇಲೆ ಮೂಳೆಯಲ್ಲಿನ ಫ್ಲೋರೈಡ್ ಬಹು ನಿಧಾನವಾಗಿ ಇಳಿಯಬಹುದು. ಹಲ್ಲಿನ ಕಲೆ ಮಾತ್ರ ಉಳಿಯುತ್ತದೆ. ಆದಕಾರಣ ಶಾಲಾಮಕ್ಕಳ ಹಲ್ಲಿನ ಮಚ್ಚೆಗಳನ್ನು ಆ ಊರಿನ ನೀರಿನ ಬಗೆಗಿನ ಮುನ್ಸೂಚನೆಯೆಂದು ಪರಿಗಣಿಸಿ ಜಲಪರೀಕ್ಷೆ ಕೈಗೊಳ್ಳುವುದು ಉಚಿತ. ಅಂಗನವಾಡಿಯ ವಯಸ್ಸಿನಲ್ಲೇ ಸುರಕ್ಷಿತ ನೀರು ದೊರೆತರೆ ಹಲ್ಲು, ಮೂಳೆಗಳೆರಡಕ್ಕೂ ರಕ್ಷಣೆ ಲಭಿಸುತ್ತದೆ.