ಮಳೆಯ ಲೆಕ್ಕ ಡೈರಿಯಲ್ಲೇ ಉಳಿಯದಿರಲಿ

ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕವನ್ನು ನೋಡಿ, ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಬರೆದಿಡುವುದು ನಮ್ಮ ಅನೇಕ ಬೆಳೆಗಾರರ ಮನೆಗಳಲ್ಲಿ ಹಿರಿಯರ ಕಾಲದಿಂದ ಬಂದ ರೂಢಿ. ಕಾಫಿಗೆ ಹೂಮಳೆ ಸಾಕಾಯಿತೇ, ಅಡಿಕೆಗೆ ಬೋರ್ಡೋ ಹೊಡೆಯಲು ಬಿಡುವು ಸಿಕ್ಕೀತೇ ಎಂದು ತಿಳಿಯಲು ನಾವು ಈ ಲೆಕ್ಕ ಇಡುತ್ತೇವೆ. ಇದೇ ಲೆಕ್ಕ ಪ್ರಾಣ ಉಳಿಸಲೂ ನೆರವಾಗಬಲ್ಲುದೆಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ.

2018ರ ಆಗಸ್ಟ್ ನಡುವಿನಲ್ಲಿ ಮಡಿಕೇರಿ ಸುತ್ತಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲಗಳಲ್ಲಿ ಗುಡ್ಡಗಳು ಜಾರಿ ತೋಟ, ಮನೆಗಳನ್ನು ಒಯ್ದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆಯ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದವು. 2024ರ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ತೋಟದ ಲೈನ್ ಮನೆಗಳವರೂ ಇದ್ದರು.

ಇವೆಲ್ಲ ಪುಷ್ಯ, ಆಶ್ಲೇಷ, ಮಖಾ ಮಳೆಗಳ ಕಾಲದಲ್ಲೇ ನಡೆದವು. ಅಷ್ಟು ಹೊತ್ತಿಗೆ ಜೂನ್, ಜುಲೈ ಮಳೆಗೆ ಮಣ್ಣು ನೀರು ಕುಡಿದು ತುಂಬಿರುತ್ತದೆ. ಅದರ ಮೇಲೆ ಎರಡು ಮೂರು ದಿನ ಎಡೆಬಿಡದೆ ಸುರಿದರೆ ಇಳಿಜಾರು ಭಾರ ತಡೆಯದು. ರಸ್ತೆಗೋ ಮನೆಗೋ ಬುಡವನ್ನು ನೇರವಾಗಿ ಕಡಿದ ಬರೆಯಾದರೆ ಇನ್ನೂ ಬೇಗ ಜಾರುತ್ತದೆ.

ಹವಾಮಾನ ಇಲಾಖೆ ದಿನಕ್ಕೆ 115.6 ಮಿ.ಮೀ. ತಲುಪಿದ ಮಳೆಯನ್ನು ಅತಿ ಭಾರಿ ಎಂದೂ, 204.4 ಮಿ.ಮೀ. ಮೀರಿದ್ದನ್ನು ಅತ್ಯಂತ ಭಾರಿ ಎಂದೂ ಕರೆಯುತ್ತದೆ. ನಮ್ಮ ಲೆಕ್ಕದಲ್ಲಿ ಇವು ಸುಮಾರು ನಾಲ್ಕೂವರೆ ಇಂಚು ಮತ್ತು ಎಂಟು ಇಂಚು. ಆದರೆ ಪಟ್ಟಣದ ಮಾಪಕದಲ್ಲಿ ಮೂರು ಇಂಚು ಬಿದ್ದ ದಿನ ಗುಡ್ಡದ ಮೇಲೆ ಏಳು ಇಂಚು ಬಿದ್ದಿರಬಹುದು. ಅದು ಗೊತ್ತಾಗುವುದು ಮೇಲಿನ ತೋಟದವರಿಗೆ. ಅಪಾಯ ಕೆಳಗಿನ ಹೊಳೆಬದಿಯವರಿಗೆ.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಒಂದು ಹಳ್ಳದ ಸುತ್ತಿನ ಹತ್ತಾರು ಮನೆಯವರು ಒಂದು ಗುಂಪಾಗಿ, ಮಳೆಗಾಲದಲ್ಲಿ ಬೆಳಿಗ್ಗೆ, ಸಂಜೆ ಲೆಕ್ಕ ಹಂಚಿಕೊಳ್ಳಲಿ. ಮೂರು ದಿನದ ಮೊತ್ತವನ್ನೂ ಕೂಡಿ ಹೇಳಲಿ. ಲೈನ್ ಮನೆಯ ಮೇಸ್ತ್ರಿಗೂ ಸುದ್ದಿ ಮುಟ್ಟಲಿ. ಯಾರು ಯಾರ ಮನೆಗೆ ಹೋಗಬೇಕು, ನಡೆಯಲಾಗದ ಹಿರಿಯರನ್ನು ಯಾರು ಕರೆದೊಯ್ಯಬೇಕು ಎಂಬುದು ಮೇ ತಿಂಗಳಲ್ಲೇ ತೀರ್ಮಾನವಾಗಲಿ. ನೆಲ ಬಿರುಕು ಬಿಟ್ಟರೆ, ಮರಗಳು ಹೊಸದಾಗಿ ವಾಲಿದರೆ, ಹಳ್ಳದ ನೀರು ದಿಢೀರನೆ ಕೆಸರಾದರೆ ಅಥವಾ ಮಳೆಯ ನಡುವೆಯೇ ಕಡಿಮೆಯಾದರೆ ಲೆಕ್ಕ ನೋಡುತ್ತ ಕೂರಬಾರದು. ಹಗಲಿರುವಾಗಲೇ ಮನೆ ಬಿಡಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಮಕ್ಕಳಿಗೂ ತಿಳಿಸಿಡಿ. ಪಹಣಿ, ಪಾಸ್‌ಪುಸ್ತಕ, ಸಂಘದ ಸಾಲದ ಕಾಗದಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಅನಾಹುತ ಕಳೆದ ಮೇಲೂ ಆತುರ ಸಲ್ಲದು. ತೋಟಕ್ಕೆ ಬಂದ ಹೂಳನ್ನು ತೆಗೆಯುವ ಮುನ್ನ ಅದರ ಆಳ ಅಳೆದು, ಫೋಟೋ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ ತೋರಿಸಬೇಕು. 2022–26ರ ವಿಪತ್ತು ಪರಿಹಾರ ನಿಯಮಗಳಲ್ಲಿ ಹೂಳಿಗೆ ನೆರವು ಸಿಗಲು ಅದು ಮೂರು ಇಂಚಿಗಿಂತ ಹೆಚ್ಚಿರಬೇಕೆಂದಿತ್ತು. ಬೆಳೆ ನಷ್ಟ ಶೇ. 33 ಮುಟ್ಟಬೇಕಿತ್ತು. ಅಳತೆಯಿಲ್ಲದೆ ಹೂಳು ಎತ್ತಿದರೆ ಅರ್ಜಿಗೆ ಆಧಾರವೇ ಇರದು. ಬಳಿಕ ಕಾಫಿ, ಅಡಿಕೆಯ ಬುಡ ಬಿಡಿಸಿ, ಬಸಿಗಾಲುವೆ ತೆರೆದು ನಿಂತ ನೀರನ್ನು ಹೊರಬಿಡಬೇಕು. ಬಿರುಕು ಬಿಟ್ಟ ಇಳಿಜಾರಿನಲ್ಲಿ ನೀರಿಂಗಿಸುವ ಗುಂಡಿ ತೋಡಬಾರದು. ಅಲ್ಲಿ ಜೆಸಿಬಿ ಇಳಿಸುವುದೂ ಬೇಡ.

ಹೋದ ಗಿಡವನ್ನು ಮತ್ತೆ ನೆಡಬಹುದು, ಹೋದ ಜೀವವನ್ನಲ್ಲ. ಮೇಲಿನ ಮನೆಯವರ ಡೈರಿಯಲ್ಲಿರುವ ಎಂಟು ಇಂಚು, ಆ ಸಂಜೆಯೇ ಕೆಳಗಿನ ಮನೆಯವರ ಕಿವಿಗೆ ಬೀಳಲಿ. ಈ ಮಳೆಗಾಲದಿಂದಲೇ ಸದಸ್ಯರೆಲ್ಲರೂ ಇದನ್ನು ಆರಂಭಿಸಬೇಕೆಂದು ಕೋರುತ್ತೇವೆ.