ಷಡ್ರಸಗಳ ಎಣಿಕೆ: ಗಣಕವಿಜ್ಞಾನದ ಗಣಿತ ತಳಹದಿ

ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಗಣಕವಿಜ್ಞಾನಕ್ಕಾಗಿ ರಾಯಚೂರು ನಗರಕ್ಕೆ ಬರುವ ವಿದ್ಯಾರ್ಥಿಗೆ 'ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್' ಎಂಬ ಹೆಸರೇ ಮೊದಲ ತೊಡಕು. ವಾಸ್ತವದಲ್ಲಿ ಅಲ್ಲಿನ 'ಸೆಟ್' ಕನ್ನಡದ 'ಗಣ'ವೇ. 'ಕಾಂಬಿನೇಷನ್' ಎಂಬುದು 'ವಿಕಲ್ಪ'ವೇ. ಈ ನಂಟನ್ನು ತರಗತಿಯಲ್ಲಿ ಯಾರೂ ಹೇಳದೆ ಹೋದಾಗ, ವಿಷಯವೇ ಕಠಿಣವೆನಿಸಿ ವಿದ್ಯಾರ್ಥಿ ಹಿಂಜರಿಯುತ್ತಾನೆ.

ವಿಕಲ್ಪಗಳ ಸಾಮಾನ್ಯ ಸೂತ್ರವಂತೂ ಈ ಸೀಮೆಗೆ ಹೊಸತೇನಲ್ಲ. ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ರಾಜಧಾನಿ. ಆ ಅರಸನನ್ನು ಸ್ತುತಿಸಿ ಸುಮಾರು ಕ್ರಿ.ಶ. 850ರಲ್ಲಿ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ ಮಹಾವೀರಾಚಾರ್ಯನು ಸೂತ್ರವನ್ನು ನೀಡಿ, ಷಡ್ರಸಗಳಿಂದ ಆಗುವ ಸಂಯೋಗಗಳೆಷ್ಟೆಂದು ಕೇಳುತ್ತಾನೆ. ಒಂದೊಂದೇ ರಸವಾದರೆ 6. ಎರಡೆರಡಾದರೆ 6×5 ಅನ್ನು 1×2ರಿಂದ ಭಾಗಿಸಿ 15. ಮೂರಕ್ಕೆ 20, ನಾಲ್ಕಕ್ಕೆ 15, ಐದಕ್ಕೆ 6, ಆರೂ ಕೂಡಿದರೆ 1. ಒಟ್ಟು 63.

ಗಣಕವು ಇದನ್ನೇ ಬೇರೆ ಬಗೆಯಲ್ಲಿ ಎಣಿಸುತ್ತದೆ. ಪ್ರತಿ ರಸಕ್ಕೂ ಒಂದು ಬಿಟ್; ರಸವಿದ್ದರೆ 1, ಇಲ್ಲದಿದ್ದರೆ 0. ಆರು ಸ್ಥಾನಗಳಿಗೆ 2ರ ಆರನೆಯ ಘಾತ, ಎಂದರೆ 64 ಉಪಗಣಗಳು. ಯಾವ ರಸವೂ ಇಲ್ಲದ 000000, ಅಂದರೆ ಶೂನ್ಯಗಣ, ಅದನ್ನು ಕಳೆದರೆ ಅದೇ 63! ರಸಗಳ ಬದಲು 20 ವಸ್ತುಗಳಿದ್ದರೆ ಉಪಗಣಗಳು 10,48,576. 30 ಆದರೆ 107 ಕೋಟಿಗೂ ಮಿಕ್ಕುತ್ತವೆ. ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪರೀಕ್ಷಿಸುವ ಪ್ರೋಗ್ರಾಮು ಎಷ್ಟೇ ವೇಗದ ಯಂತ್ರದಲ್ಲಿಯೂ ಬೇಗನೆ ಸೋಲುವ ಕಾರಣ ಈ ಎಣಿಕೆಯಲ್ಲಿಯೇ ಇದೆ.